ಇಪ್ಪತ್ತು ಸಾವಿರ ಕೋಟಿಯ ಎರಡು ಅಂಗಡಿಗಳು

2018-19ನೇ ಸಾಲಿನ ಎರಡು ಲೆಕ್ಕಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು, ‘ಬಿಗ್ ಬಜಾರ್’ ಮಳಿಗೆಗಳನ್ನು ನಡೆಸುತ್ತಿದ್ದ ಫ್ಯೂಚರ್ ರೀಟೇಲ್ ಕಂಪೆನಿಯದು. ಇನ್ನೊಂದು, ‘ಡಿ-ಮಾರ್ಟ್’ ಮಳಿಗೆಗಳ ಒಡೆತನ ಹೊಂದಿರುವ ಅವೆನ್ಯೂ ಸೂಪರ್‌ಮಾರ್ಟ್ಸ್ ಕಂಪೆನಿಯದು. ಆ ವರ್ಷ ಎರಡರ ವಹಿವಾಟೂ ಸರಿಸುಮಾರು 20 ಸಾವಿರ ಕೋಟಿ ರೂಪಾಯಿ. ಎರಡೂ ಲಾಭದಲ್ಲಿದ್ದವು. ಫ್ಯೂಚರ್‌ನ ನಿವ್ವಳ ಲಾಭ 700 ಕೋಟಿಗೂ ಮೇಲೆ, ಡಿ-ಮಾರ್ಟಿನದು ಸುಮಾರು 900 ಕೋಟಿ. ಮೇಲ್ನೋಟಕ್ಕೆ ಸರಿಜೋಡಿ ಎನ್ನಬೇಕು!

ಮೂರೇ ವರ್ಷ ಕಳೆಯಿತು. 2022ರ ಜುಲೈನಲ್ಲಿ ಫ್ಯೂಚರ್ ರೀಟೇಲ್ ವಿರುದ್ಧದ ದಿವಾಳಿ ಅರ್ಜಿಯನ್ನು ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿ ವಿಚಾರಣೆಗೆ ಅಂಗೀಕರಿಸಿತು. ಬ್ಯಾಂಕುಗಳು ಮುಂದಿಟ್ಟ ಬಾಕಿಯ ಬೇಡಿಕೆ 20 ಸಾವಿರ ಕೋಟಿಯನ್ನೂ ಮೀರಿತ್ತು. 2024ರಲ್ಲಿ ಕಂಪೆನಿಯನ್ನು ಮುಚ್ಚಿ, ಉಳಿದದ್ದನ್ನು ಮಾರಿ ಹಾಕಲು ಆದೇಶವಾಯಿತು. ಡಿ-ಮಾರ್ಟ್ 2024-25ರಲ್ಲಿ 59,358 ಕೋಟಿ ರೂಪಾಯಿ ವಹಿವಾಟು ನಡೆಸಿ 2,707 ಕೋಟಿ ಲಾಭ ತೋರಿಸಿತು.

ಒಂದೇ ಗಾತ್ರದ ಎರಡು ಅಂಗಡಿಗಳಲ್ಲಿ ಒಂದು ಮುಳುಗಿತು, ಒಂದು ಬೆಳೆಯಿತು. ವಾಣಿಜ್ಯ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಷೇರಿಗೆ ನಾಲ್ಕು ಕಾಸು ಹಾಕುವ ಯೋಚನೆಯಲ್ಲಿರುವ, ಅಥವಾ ಮಗನಿಗೋ ಮಗಳಿಗೋ ಇಂಥ ಮಳಿಗೆಯಲ್ಲಿ ಕೆಲಸ ಸಿಕ್ಕಿತೆಂದು ಸಂತೋಷಪಡುತ್ತಿರುವ ತಂದೆತಾಯಿಗಳಿಗೂ ಇದು ಬೇಕಾದ ವಿಷಯವೇ. ಏಕೆಂದರೆ ಪತ್ರಿಕೆಯ ತಲೆಬರಹಗಳಲ್ಲಿ ಬರುವ ಅಂಕಿಗಳು ಸಾಮಾನ್ಯವಾಗಿ ಮೂರು: ಎಷ್ಟು ಮಳಿಗೆ, ಎಷ್ಟು ವಹಿವಾಟು, ಮಾರುಕಟ್ಟೆಯಲ್ಲಿ ಎಷ್ಟು ಪಾಲು. ಈ ಮೂರನ್ನು ನೋಡಿದವರಿಗೆ ಮುಂದೆ ಆಗಲಿದ್ದುದು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಬೇರೆ ಕಡೆ.

<b>ಯಾವುದರ ಪಾಲು?</b>

ಮೊದಲು ಈ ‘ಮಾರುಕಟ್ಟೆ ಪಾಲು’ ಎಂಬ ಮಾತನ್ನು ಬಿಡಿಸಿ ನೋಡೋಣ. ಇಂಗ್ಲೆಂಡಿನಲ್ಲಿ ಇದು ಕ್ರಿಕೆಟ್ ಸ್ಕೋರಿನಂತೆ. ಅಲ್ಲಿನ ಜನ ದಿನಸಿ ಕೊಳ್ಳುವುದು ಬಹುಪಾಲು ದೊಡ್ಡ ಸರಣಿ ಮಳಿಗೆಗಳಲ್ಲೇ. ಕಾಂಟಾರ್ ಎಂಬ ಸಂಸ್ಥೆ ಸಾವಿರಾರು ಕುಟುಂಬಗಳು ಏನು ಕೊಂಡವು, ಎಲ್ಲಿ ಕೊಂಡವು ಎಂದು ಬರೆದಿಟ್ಟುಕೊಂಡು ನಾಲ್ಕು ವಾರಕ್ಕೊಮ್ಮೆ ಪಾಲು ಪ್ರಕಟಿಸುತ್ತದೆ. ಮೊದಲ ಸ್ಥಾನದಲ್ಲಿರುವ ಟೆಸ್ಕೊ ಪಾಲು ಈಚಿನ ವರ್ಷಗಳಲ್ಲಿ ನೂರಕ್ಕೆ 28ರ ಆಸುಪಾಸು. 2022ರಲ್ಲಿ ಜರ್ಮನಿಯ ಅಗ್ಗದ ಮಳಿಗೆ ಆಲ್ಡಿ, ಮಾರಿಸನ್ಸ್ ಅನ್ನು ಹಿಂದಿಕ್ಕಿ ನಾಲ್ಕನೆಯ ಸ್ಥಾನಕ್ಕೆ ಏರಿದಾಗ ಅಲ್ಲಿನ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ.

ನಮ್ಮಲ್ಲಿ ಲೆಕ್ಕ ಬೇರೆ. ದೇಶದ ದಿನಸಿ ವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂದಿಗೂ ಬೀದಿಯ ಕೊನೆಯ ಶೆಟ್ಟರ ಅಂಗಡಿ, ಕಿರಾಣಿ ಅಂಗಡಿ, ಸಂತೆ ಮತ್ತು ತಳ್ಳುಗಾಡಿಗಳ ಕೈಯಲ್ಲಿದೆ. ಆದ್ದರಿಂದ ಯಾವುದೋ ಕಂಪೆನಿಗೆ ಇಷ್ಟು ಪಾಲಿದೆ ಎಂದು ಓದಿದಾಗ, ‘ಯಾವುದರಲ್ಲಿ ಪಾಲು?’ ಎಂದು ಕೇಳಿಕೊಳ್ಳಬೇಕು. ಇಡೀ ದಿನಸಿ ವ್ಯಾಪಾರದಲ್ಲೋ, ಸರಣಿ ಮಳಿಗೆಗಳ ಸಣ್ಣ ತುಂಡಿನಲ್ಲೋ? ರಿಲಯನ್ಸ್ ರೀಟೇಲ್ 2024-25ರಲ್ಲಿ 3 ಲಕ್ಷ 30 ಸಾವಿರ ಕೋಟಿ ರೂಪಾಯಿಯ ಒಟ್ಟು ವಹಿವಾಟು ತೋರಿಸಿತು. ಅಂಕಿ ನೋಡಿದರೆ ಡಿ-ಮಾರ್ಟಿನ ಐದು ಪಟ್ಟಿಗೂ ಹೆಚ್ಚು. ಆದರೆ ಅದರೊಳಗೆ ಅಕ್ಕಿ ಬೇಳೆಯ ಜೊತೆಗೆ ಮೊಬೈಲ್ ಫೋನು, ಟೀವಿ, ಬಟ್ಟೆ, ಒಡವೆ ಎಲ್ಲವೂ ಸೇರಿವೆ. ಅಕ್ಕಿಯನ್ನೂ ಫೋನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ ಆಯಿತು.

<b>ನೀಲಗಿರೀಸ್‌ನಿಂದ ಪೊವೈವರೆಗೆ</b>

ತಾವೇ ಆರಿಸಿಕೊಂಡು ಬುಟ್ಟಿಗೆ ಹಾಕಿಕೊಳ್ಳುವ ಅಂಗಡಿ ಕರ್ನಾಟಕಕ್ಕೆ ಹೊಸದಲ್ಲ. ಬೆಣ್ಣೆ ವ್ಯಾಪಾರದಿಂದ ಬೆಳೆದ ನೀಲಗಿರೀಸ್ 1936ರಲ್ಲೇ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದಿತ್ತು. 1966ರಲ್ಲಿ ರೂಪಾಯಿ ಅಪಮೌಲ್ಯವಾಗಿ ಬೆಲೆಗಳು ಏರಿದಾಗ ದಿಲ್ಲಿಯಲ್ಲಿ ಸಹಕಾರಿ ‘ಸೂಪರ್ ಬಜಾರ್’ ಆರಂಭವಾಯಿತು. ನಮ್ಮ ಜನತಾ ಬಜಾರುಗಳೂ ಅದೇ ಸಹಕಾರಿ ಯೋಚನೆಯವು. ಖಾಸಗಿ ಸರಣಿಗಳ ಓಟ ಶುರುವಾದದ್ದು 1996ರಲ್ಲಿ ಚೆನ್ನೈಯಲ್ಲಿ ‘ಫುಡ್‌ವರ್ಲ್ಡ್’ ಬಾಗಿಲು ತೆರೆದ ಮೇಲೆ. ಮರುವರ್ಷ ಅದೇ ಊರಿನಲ್ಲಿ ‘ಸುಭಿಕ್ಷ’ ಬಂತು. 2001ರಲ್ಲಿ ಕಿಶೋರ್ ಬಿಯಾನಿಯವರ ಬಿಗ್ ಬಜಾರ್ ಕೋಲ್ಕತ್ತ, ಹೈದರಾಬಾದ್, ಬೆಂಗಳೂರುಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಒಂದರ ಹಿಂದೊಂದು ತೆರೆಯಿತು. 2002ರಲ್ಲಿ ಷೇರುಪೇಟೆಯ ಹಳೆಯ ಹುಲಿ ರಾಧಾಕಿಶನ್ ದಮಾನಿ ಮುಂಬೈನ ಪೊವೈಯಲ್ಲಿ ಮೊದಲ ಡಿ-ಮಾರ್ಟ್ ತೆರೆದರು.

ಬೆಂಗಳೂರಿನಲ್ಲೇ 1999ರಲ್ಲಿ ಇಂಟರ್‌ನೆಟ್ ಅಂಗಡಿಯಾಗಿ ಹುಟ್ಟಿ, ಆಮೇಲೆ ‘ಫ್ಯಾಬ್‌ಮಾಲ್’ ಎಂದು ಬೀದಿಗಿಳಿದ ಸರಣಿ ಕೊನೆಗೆ ಆದಿತ್ಯ ಬಿರ್ಲಾ ಗುಂಪಿನ ‘ಮೋರ್’ ಮಳಿಗೆಗಳಲ್ಲಿ ಲೀನವಾಯಿತು. ಅದನ್ನು ಕಟ್ಟಿದವರೇ 2011ರಲ್ಲಿ ‘ಬಿಗ್‌ಬ್ಯಾಸ್ಕೆಟ್’ ಆರಂಭಿಸಿದರು ಎಂಬುದು ಈ ಕಥೆಯ ಒಂದು ಸ್ವಾರಸ್ಯ.

<b>ನೂರು ರೂಪಾಯಿ ಎಲ್ಲಿ ಹೋಗುತ್ತದೆ?</b>

ನೀವು ಡಿ-ಮಾರ್ಟಿನಲ್ಲಿ 100 ರೂಪಾಯಿಯ ಸಾಮಾನು ಕೊಂಡಿರಿ ಎನ್ನಿ. 2024-25ರ ಲೆಕ್ಕದ ಪ್ರಕಾರ ಅದರಲ್ಲಿ ಸುಮಾರು 85 ರೂಪಾಯಿ ಆ ಸಾಮಾನು ಒದಗಿಸಿದವರಿಗೇ ಹೋಯಿತು. ಕಂಪೆನಿಯ ನೌಕರರ ಸಂಬಳಕ್ಕೆ ಸುಮಾರು ಎರಡು ರೂಪಾಯಿ. ವಿದ್ಯುತ್ತು, ಸಾಗಣೆ, ಗುತ್ತಿಗೆ ಕೆಲಸದವರು ಇತ್ಯಾದಿಗೆ ಐದು ರೂಪಾಯಿ ಚಿಲ್ಲರೆ. ಕಟ್ಟಡ, ಯಂತ್ರಗಳ ಸವಕಳಿಗೆ ಒಂದೂವರೆ. ಸರ್ಕಾರದ ಆದಾಯ ತೆರಿಗೆಗೆ ಮತ್ತೊಂದು ಒಂದೂವರೆ. ಕೊನೆಗೆ ಗಲ್ಲಾದಲ್ಲಿ ಉಳಿದದ್ದು ನಾಲ್ಕೂವರೆ ರೂಪಾಯಿ!

ದೇಶದಲ್ಲೇ ಅತ್ಯಂತ ಚೆನ್ನಾಗಿ ನಡೆಯುತ್ತಿರುವ ಸೂಪರ್‌ಮಾರ್ಕೆಟ್ ಎನಿಸಿಕೊಂಡದ್ದರ ಸ್ಥಿತಿ ಇದು. ಬೇರೆಯವರ ಪಾಡು ಇನ್ನೂ ಕಷ್ಟ. ಸ್ಪೆನ್ಸರ್ಸ್ ರೀಟೇಲ್ 2023-24ರಲ್ಲಿ ಸುಮಾರು 2,300 ಕೋಟಿಯ ವಹಿವಾಟು ಮಾಡಿ 260 ಕೋಟಿಗೂ ಹೆಚ್ಚು ನಷ್ಟ ಅನುಭವಿಸಿತು. ಅಂದರೆ ನೂರು ರೂಪಾಯಿ ಮಾರಿದಾಗಲೆಲ್ಲ ಕೈಯಿಂದ ಹನ್ನೊಂದು ರೂಪಾಯಿ ಹಾಕಿದಂತೆ. ಇಂಥ ಕಂಪೆನಿ ‘ಮಾರುಕಟ್ಟೆ ಪಾಲು’ ಹೆಚ್ಚಿಸಿಕೊಂಡರೆ ನಷ್ಟವೂ ಹೆಚ್ಚುತ್ತದೆ, ಅಷ್ಟೆ.

ಇಷ್ಟು ತೆಳುವಾದ ಲಾಭದಲ್ಲಿ ಬದುಕುವುದು ಹೇಗೆ? ಇಲ್ಲಿಯೇ ಇರುವುದು ದಿನಸಿ ವ್ಯಾಪಾರದ ಗುಟ್ಟು. ನಮ್ಮ ಮಂಡಿಯ ವರ್ತಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಾಭ ಎಷ್ಟು ಎನ್ನುವುದಕ್ಕಿಂತ ಹಾಕಿದ ದುಡ್ಡು ವರ್ಷದಲ್ಲಿ ಎಷ್ಟು ಸಲ ತಿರುಗಿ ಬಂತು ಎನ್ನುವುದು ಮುಖ್ಯ.

<b>ಮೂಟೆ ಎಷ್ಟು ದಿನ ಕೂತಿತ್ತು?</b>

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಜೊತೆಗೆ ಬರಲಿ. ಇಬ್ಬರು ವರ್ತಕರು ತಲಾ 85 ರೂಪಾಯಿ ಸಾಲ ತಂದು ಸಾಮಾನು ತುಂಬುತ್ತಾರೆ. ಇಬ್ಬರೂ ಅದನ್ನು ನೂರಕ್ಕೆ ಮಾರಿ, ಖರ್ಚು ಕಳೆದು, ಒಂದು ಸುತ್ತಿಗೆ ಆರು ರೂಪಾಯಿ ಉಳಿಸುತ್ತಾರೆ. ಸಾಲಕ್ಕೆ ವರ್ಷಕ್ಕೆ ಹತ್ತು ರೂಪಾಯಿ ಬಡ್ಡಿ. ಮೊದಲನೆಯವನ ಸಾಮಾನು ಸುಮಾರು 33 ದಿನಕ್ಕೊಮ್ಮೆ ಖಾಲಿಯಾಗುತ್ತದೆ, ಅಂದರೆ ವರ್ಷಕ್ಕೆ 11 ಸುತ್ತು. ಆರು ಹನ್ನೊಂದಲ 66. ಬಡ್ಡಿ ಹತ್ತು ಕಳೆದರೆ 56 ರೂಪಾಯಿ ಕೈಗೆ. ಎರಡನೆಯವನದು 90 ದಿನಕ್ಕೊಮ್ಮೆ ಖಾಲಿ, ಅಂದರೆ ನಾಲ್ಕೇ ಸುತ್ತು. ಆರು ನಾಲ್ಕಲ 24. ಬಡ್ಡಿ ಕಳೆದರೆ 14.

ಇಬ್ಬರಿಗೂ ಲಾಭವೇ ಆಯಿತಲ್ಲ ಎನ್ನಬಹುದು. ಈಗ ಒಂದು ಕೆಟ್ಟ ವರ್ಷ ಬರಲಿ. ಸುತ್ತಿಗೆ ಆರು ರೂಪಾಯಿ ಉಳಿಯುತ್ತಿದ್ದುದು ಮೂರಕ್ಕೆ ಇಳಿಯಲಿ. ಮೊದಲನೆಯವನಿಗೆ 33ರಲ್ಲಿ ಹತ್ತು ಕಳೆದು 23 ಉಳಿಯಿತು. ಎರಡನೆಯವನಿಗೆ 12ರಲ್ಲಿ ಹತ್ತು ಕಳೆದು ಉಳಿದದ್ದು ಎರಡೇ ರೂಪಾಯಿ. ಇನ್ನೊಂದು ಏಟು ಬಿದ್ದರೆ ಅವನು ಬಡ್ಡಿ ಕಟ್ಟಲೂ ಸಾಲ ಮಾಡಬೇಕು.

ಈ 33 ಮತ್ತು 90 ಎಂಬ ಸಂಖ್ಯೆಗಳನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. ಡಿ-ಮಾರ್ಟಿನ 2023-24ರ ಲೆಕ್ಕದಲ್ಲಿ ದಾಸ್ತಾನು ಸುಮಾರು 33 ದಿನಗಳ ವ್ಯಾಪಾರಕ್ಕೆ ಆಗುವಷ್ಟು. ಫ್ಯೂಚರ್ ರೀಟೇಲ್‌ನದು 2018-19ರಲ್ಲಿ ಸುಮಾರು ಮೂರು ತಿಂಗಳ ವ್ಯಾಪಾರದಷ್ಟು. ಒಂದೇ ಮೊತ್ತದ ವ್ಯಾಪಾರ ಮಾಡಿದ ಆ ವರ್ಷ ಅದರ ಗೋದಾಮು, ಕಪಾಟುಗಳಲ್ಲಿ ಕೂತಿದ್ದ ಸರಕಿನ ಬೆಲೆ ಡಿ-ಮಾರ್ಟಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಬಿಗ್ ಬಜಾರಿನಲ್ಲಿ ಬಟ್ಟೆಗೆ ದೊಡ್ಡ ಜಾಗವಿತ್ತು. ಬಟ್ಟೆಯಲ್ಲಿ ಲಾಭ ಹೆಚ್ಚು, ಆದರೆ ಅದು ಬೇಳೆಯಂತೆ ತಿಂಗಳೊಪ್ಪತ್ತಿನಲ್ಲಿ ಖರ್ಚಾಗುವ ಪದಾರ್ಥವಲ್ಲ. ಜೊತೆಗೆ ಫ್ಯೂಚರ್ ಕೊಂಡು ಸೇರಿಸಿಕೊಂಡ ಸಣ್ಣ ಪುಟ್ಟ ಸರಣಿಗಳ ಅಂಗಡಿಗಳೂ ಇದ್ದವು. ಎಲ್ಲ ಸೇರಿ ಸುಮಾರು 1,500 ಮಳಿಗೆ. ಅದೇ 20 ಸಾವಿರ ಕೋಟಿಯನ್ನು ಡಿ-ಮಾರ್ಟ್ ಮಾರಿದ್ದು 176 ಮಳಿಗೆಗಳಿಂದ!

ಇನ್ನೊಂದು ಅಂಕಿ ಇನ್ನೂ ಕುತೂಹಲದ್ದು. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡನ್ನು ಅಂಗಡಿಗಳಲ್ಲಿ ನೋಡಿದ್ದೀರಿ. ಸೂಪರ್‌ಮಾರ್ಕೆಟ್ ಗಿರಾಕಿಗೆ ಉದ್ರಿ ಕೊಡುವುದಿಲ್ಲ, ಆದರೆ ತಾನು ಉದ್ರಿಯಲ್ಲೇ ಕೊಳ್ಳುತ್ತದೆ. ಸಾಬೂನು, ಎಣ್ಣೆ, ಬಿಸ್ಕತ್ತು ಒದಗಿಸಿದವರು ತಿಂಗಳುಗಟ್ಟಲೆ ಕಾಯುವುದು ಈ ವ್ಯಾಪಾರದಲ್ಲಿ ಮಾಮೂಲು. ಡಿ-ಮಾರ್ಟ್ ಹಾಗಲ್ಲ. 2023-24ರ ಲೆಕ್ಕ ತೆಗೆದರೆ ಅದು ಸರಬರಾಜುದಾರರಿಗೆ ಬಾಕಿ ಇಟ್ಟಿದ್ದು ಸುಮಾರು ಎಂಟು ದಿನದ ಖರೀದಿಯಷ್ಟು ಮಾತ್ರ. ಬೇಗ ದುಡ್ಡು ಬರುತ್ತದೆಂದರೆ ಯಾವ ಸರಬರಾಜುದಾರ ಬೆಲೆಯಲ್ಲಿ ಒಂದೆರಡು ರೂಪಾಯಿ ಬಿಡುವುದಿಲ್ಲ? ಹಾಗೆ ಬಿಟ್ಟದ್ದೇ ಗಿರಾಕಿಗೆ ರಿಯಾಯಿತಿಯಾಗುತ್ತದೆ, ಗಿರಾಕಿ ಹೆಚ್ಚಿ ಮೂಟೆ ಬೇಗ ಖಾಲಿಯಾಗುತ್ತದೆ, ಮತ್ತೆ ಬೇಗ ದುಡ್ಡು ಕೊಡಲು ಸಾಧ್ಯವಾಗುತ್ತದೆ.

ಇದಕ್ಕೆ ವಿರುದ್ಧವಾದ ದಾರಿಯಲ್ಲಿ ಹೋಗಿ ಎಡವಿದ್ದಕ್ಕೆ ದೂರದ ಉದಾಹರಣೆಯೂ ಇದೆ. ಮೇಲೆ ಹೇಳಿದ ಟೆಸ್ಕೊ 2014ರಲ್ಲಿ ತನ್ನ ಲಾಭವನ್ನು 25 ಕೋಟಿ ಪೌಂಡಿಗೂ ಹೆಚ್ಚು ಉಬ್ಬಿಸಿ ತೋರಿಸಿದ್ದು ಬಯಲಾಯಿತು. ಸರಬರಾಜುದಾರರಿಂದ ಬರಬೇಕಾದ ಹಣವನ್ನು ಬರುವ ಮೊದಲೇ ಲಾಭವೆಂದು ಬರೆದುಕೊಂಡದ್ದು ಅದರ ಮೂಲ. ಆ ಸಾಲಿನಲ್ಲಿ ಅದಕ್ಕೆ ಆದ ನಷ್ಟ 640 ಕೋಟಿ ಪೌಂಡಿನ ಹತ್ತಿರ. ಆಗಲೂ ಮಾರುಕಟ್ಟೆ ಪಾಲಿನಲ್ಲಿ ಅದು ಮೊದಲನೆಯದೇ! ಇದೇ ಟೆಸ್ಕೊ 2004ರಿಂದ ಬೆಂಗಳೂರಿನಲ್ಲಿ ತನ್ನ ಸೇವಾ ಕೇಂದ್ರ ನಡೆಸುತ್ತಿದೆ. ನಮ್ಮ ಎಷ್ಟೋ ಎಂಜಿನಿಯರುಗಳು, ಲೆಕ್ಕಿಗರು ಆ ದೇಶದ ಅಂಗಡಿಗಳ ಲೆಕ್ಕವನ್ನು ಇಲ್ಲಿ ಕುಳಿತೇ ನೋಡುತ್ತಿದ್ದಾರೆ.

<b>ಬಾಡಿಗೆ, ಸಾಲ, ಮತ್ತು ಮುಚ್ಚಿದ ಬಾಗಿಲು</b>

ಡಿ-ಮಾರ್ಟ್ ಮಾಡಿದ ಮೂರನೆಯ ಕೆಲಸ, ಸಾಧ್ಯವಾದ ಕಡೆಯೆಲ್ಲ ಕಟ್ಟಡವನ್ನೇ ಕೊಂಡುಕೊಂಡದ್ದು, ಇಲ್ಲವೇ ದೀರ್ಘಾವಧಿಯ ಗುತ್ತಿಗೆಗೆ ಹಿಡಿದದ್ದು. ಝಗಝಗಿಸುವ ಮಾಲುಗಳಿಗೆ ಅದು ಹೋಗಲಿಲ್ಲ. ಮಧ್ಯಮ ವರ್ಗದ ಬಡಾವಣೆಯ ಪಕ್ಕ ಜಾಗ ಹಿಡಿಯಿತು. ಇದರಿಂದ ಬೆಳವಣಿಗೆ ನಿಧಾನವಾಯಿತು. ಮೊದಲ ಹದಿನೈದು ವರ್ಷಗಳಲ್ಲಿ, ಅಂದರೆ 2017ರ ಮಾರ್ಚ್ ವೇಳೆಗೆ, ಅದು ತೆರೆದದ್ದು 131 ಮಳಿಗೆ ಮಾತ್ರ. ಆ ಕಾಲಕ್ಕೆ ಇದನ್ನು ಜಿಪುಣತನ ಎಂದವರೂ ಇದ್ದರು. ಭಾನುವಾರ ಸಂಜೆ ಅಲ್ಲಿನ ಬಿಲ್ಲಿಂಗ್ ಸಾಲಿನಲ್ಲಿ ನಿಂತವರಿಗೆ ಆ ಮಾತು ಸರಿ ಎನಿಸೀತು.

ಅವಸರದ ದಾರಿ ಹಿಡಿದವರು ಏನಾದರು? ಚೆನ್ನೈಯ ಸುಭಿಕ್ಷ ಚಿಕ್ಕ ಚಿಕ್ಕ ಅಂಗಡಿ, ಅಗ್ಗದ ದರ, ಔಷಧಿಗೂ ರಿಯಾಯಿತಿ ಎಂದು ಚೆನ್ನಾಗಿಯೇ ಬೆಳೆಯಿತು. ಆಮೇಲೆ ತಮಿಳುನಾಡು ದಾಟಿ ದೇಶದ ತುಂಬ ಹರಡಲು ಹೊರಟು, ಎರಡು ಮೂರು ವರ್ಷದಲ್ಲಿ ಸುಮಾರು 1,600 ಮಳಿಗೆಗಳನ್ನು ತೆರೆಯಿತು. ಹಾಕಿದ ಸ್ವಂತ ಬಂಡವಾಳ ಕಡಿಮೆ, ತಂದ ಸಾಲ ಹೆಚ್ಚು. 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ಹೊಸ ಸಾಲ ಹುಟ್ಟಲಿಲ್ಲ. ಸರಬರಾಜುದಾರರಿಗೆ ಹಣವಿಲ್ಲ, ನೌಕರರಿಗೆ ಸಂಬಳವಿಲ್ಲ. 2009ರ ಆರಂಭದಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದವು.

ಫ್ಯೂಚರ್‌ನ ಕಥೆ ಅದಕ್ಕಿಂತ ದೊಡ್ಡದು, ಆದರೆ ಜಾತಿ ಒಂದೇ. ಬಿಯಾನಿಯವರಿಗೆ ಗಿರಾಕಿಯ ನಾಡಿ ಗೊತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. 2006ರ ಗಣರಾಜ್ಯೋತ್ಸವದ ದಿನ ಅವರು ಆರಂಭಿಸಿದ ‘ಅತಿ ಅಗ್ಗದ ದಿನ’ಕ್ಕೆ ನುಗ್ಗಿದ ಜನಜಂಗುಳಿಯನ್ನು ನೋಡಿದವರು ಮರೆಯಲಾರರು. ಆದರೆ ಗುಂಪಿನ ಮೇಲೆ ಸಾಲದ ಹೊರೆ ಬೆಳೆಯುತ್ತಲೇ ಹೋಯಿತು. ಒಮ್ಮೆ, 2012ರಲ್ಲಿ, ಸಾಲ ಇಳಿಸಲು ‘ಪ್ಯಾಂಟಲೂನ್ಸ್’ ಬಟ್ಟೆ ಮಳಿಗೆಗಳನ್ನೇ ಆದಿತ್ಯ ಬಿರ್ಲಾ ಗುಂಪಿಗೆ ಮಾರಬೇಕಾಯಿತು. ಆಮೇಲೂ ವಿಸ್ತರಣೆ ನಿಲ್ಲಲಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಬಟ್ಟೆಯ ವ್ಯಾಪಾರ ನಿಂತಿತು. ಬಾಡಿಗೆ, ಬಡ್ಡಿ ನಿಲ್ಲಲಿಲ್ಲ. ಆ ಆಗಸ್ಟ್‌ನಲ್ಲಿ ಇಡೀ ವ್ಯಾಪಾರವನ್ನು 24,713 ಕೋಟಿಗೆ ರಿಲಯನ್ಸ್‌ಗೆ ಮಾರುವ ಒಪ್ಪಂದವಾಯಿತು. ಗುಂಪಿನಲ್ಲಿ ಹಣ ತೊಡಗಿಸಿದ್ದ ಅಮೆಜಾನ್ ತಕರಾರು ತೆಗೆದು ಕಾನೂನು ಸಮರಕ್ಕೆ ಇಳಿಯಿತು. ವ್ಯಾಜ್ಯ ನಡೆಯುತ್ತಿದ್ದಂತೆ, ಬಾಡಿಗೆ ಬಾಕಿಯಿದ್ದ ನೂರಾರು ಮಳಿಗೆಗಳ ಗುತ್ತಿಗೆ ರಿಲಯನ್ಸ್ ಹೆಸರಿಗೆ ಬಂದಿತ್ತು. 2022ರ ಫೆಬ್ರುವರಿಯಲ್ಲಿ ಅದು ಅವನ್ನು ತನ್ನ ವಶಕ್ಕೆ ತೆಗೆದುಕೊಳ್ಳತೊಡಗಿತು. ಏಪ್ರಿಲ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಒಪ್ಪದೆ ಒಪ್ಪಂದವೇ ಬಿದ್ದುಹೋಯಿತು. ಕಟ್ಟಡ ತನ್ನದಾಗಿದ್ದರೆ ಅಂಗಡಿಯನ್ನು ಹೀಗೆ ಕಾಲಡಿಯಿಂದ ಎಳೆದುಕೊಳ್ಳಲು ಯಾರಿಗೆ ಸಾಧ್ಯವಿತ್ತು?

ರಿಲಯನ್ಸ್‌ನಷ್ಟು ಹಣಬಲವಿದ್ದವರೂ ಮಳಿಗೆಗಳ ಸಂಖ್ಯೆಯನ್ನು ಪೂಜಿಸುವುದಿಲ್ಲ ಎಂಬುದನ್ನು ಗಮನಿಸಬೇಕು. 2024-25ರ ಕೊನೆಗೆ ಅದಕ್ಕೆ 19,340 ಮಳಿಗೆಗಳಿದ್ದವು. ಆದರೆ ಅದೇ ವರ್ಷ ಸರಿಯಾಗಿ ನಡೆಯದ ಎರಡು ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಅದು ಮುಚ್ಚಿಯೂ ಇತ್ತು.

<b>ಒಳ್ಳೆಯ ಅಂಗಡಿ, ದುಬಾರಿ ಷೇರು</b>

ಹಾಗಾದರೆ ಡಿ-ಮಾರ್ಟ್ ಷೇರು ಕೊಳ್ಳೋಣವೇ ಎಂದು ಪೋಷಕರು ಕೇಳಬಹುದು. ಆ ಸಲಹೆ ಈ ಲೇಖನದ ಕೆಲಸವಲ್ಲ. ನಡೆದದ್ದನ್ನಷ್ಟೇ ಹೇಳಬಹುದು. 2017ರ ಮಾರ್ಚ್‌ನಲ್ಲಿ 299 ರೂಪಾಯಿಗೆ ಸಾರ್ವಜನಿಕರಿಗೆ ಹಂಚಿದ ಷೇರು, ಪೇಟೆಗೆ ಬಂದ ಮೊದಲ ದಿನವೇ ಎರಡು ಪಟ್ಟಿಗೂ ಹೆಚ್ಚಾಯಿತು. 2021ರ ಅಕ್ಟೋಬರ್‌ನಲ್ಲಿ 5,900ರ ಹತ್ತಿರ ಹೋಗಿತ್ತು. ಆಗ ಕೊಂಡವರ ಕೈಯಲ್ಲಿ 2024ರ ಕೊನೆಗೆ ಇದ್ದದ್ದು ನಾಲ್ಕು ಸಾವಿರಕ್ಕಿಂತ ಕಡಿಮೆ ಬೆಲೆಯ ಷೇರು. ಈ ಮೂರು ವರ್ಷಗಳಲ್ಲಿ ಕಂಪೆನಿಯ ವಹಿವಾಟು, ಲಾಭ ಎರಡೂ ಏರಿದ್ದವು ಎಂಬುದನ್ನು ನೆನಪಿಡಬೇಕು. ಅಂಗಡಿ ಕೆಟ್ಟಿರಲಿಲ್ಲ. ಅದರ ಮುಂದಿನ ಎಷ್ಟೋ ವರ್ಷಗಳ ಏಳಿಗೆಗೂ ಕೊಂಡವರು ಮೊದಲೇ ದುಡ್ಡು ಕೊಟ್ಟುಬಿಟ್ಟಿದ್ದರು.

ಅಂಗಡಿಗೇ ಈಗ ಹೊಸ ಎದುರಾಳಿ ಬಂದಿದ್ದಾನೆ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಹಾಲು, ಕೊತ್ತಂಬರಿ ಸೊಪ್ಪು ತಂದುಕೊಡುವ ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೊಗಳಿಗೆ ಗಿರಾಕಿ ಕಾಲಿಡುವ ಅಂಗಡಿಯೇ ಇಲ್ಲ. ಬಡಾವಣೆಯ ಮೂಲೆಯೊಂದರ ಗೋದಾಮು, ಹೊರಗೆ ಕಾದು ನಿಂತ ಬೈಕುಗಳು, ಇಷ್ಟೇ. 2024ರ ಅಕ್ಟೋಬರ್‌ನಲ್ಲಿ ಡಿ-ಮಾರ್ಟ್ ತನ್ನ ತ್ರೈಮಾಸಿಕ ಫಲಿತಾಂಶ ಪ್ರಕಟಿಸುವಾಗ, ಮಹಾನಗರಗಳ ದೊಡ್ಡ ಮಳಿಗೆಗಳಲ್ಲಿ ಆನ್‌ಲೈನ್ ದಿನಸಿಯ ಪರಿಣಾಮ ಸ್ಪಷ್ಟವಾಗಿ ಕಾಣುತ್ತಿದೆ ಎಂದು ತಾನೇ ಒಪ್ಪಿಕೊಂಡಿತು. ಪೇಟೆ ತೆರೆದ ದಿನ ಷೇರು ಬೆಲೆ ನೂರಕ್ಕೆ ಎಂಟಕ್ಕೂ ಹೆಚ್ಚು ಕುಸಿಯಿತು.

ಆ ವರ್ಷದ ಪೂರ್ಣ ಲೆಕ್ಕದಲ್ಲಿ ವಹಿವಾಟು ಹಿಂದಿನ ವರ್ಷಕ್ಕಿಂತ ನೂರಕ್ಕೆ 17ರಷ್ಟು ಬೆಳೆದಿದ್ದರೆ, ಲಾಭ ಬೆಳೆದದ್ದು ನೂರಕ್ಕೆ ಏಳಕ್ಕಿಂತ ಕಡಿಮೆ. ಈ ಅಂತರ ತಾತ್ಕಾಲಿಕವೇ, ಇಲ್ಲ ಮೂಟೆ ಕಪಾಟಿನ ಮೇಲೆ ಹೆಚ್ಚು ದಿನ ಕೂರತೊಡಗಿದೆಯೇ? ಕಂಪೆನಿಯ ವಾರ್ಷಿಕ ವರದಿ ಅದರ ಇಂಟರ್‌ನೆಟ್ ತಾಣದಲ್ಲಿ ಯಾರಿಗೂ ಉಚಿತ. ಪಿಯುಸಿಯ ಅಢಾವೆ ಪತ್ರಿಕೆ ಕಲಿತ ಹುಡುಗ ಹುಡುಗಿಯರಿಗೆ ಅದರಲ್ಲಿ ಬೇಕಾದವು ಮೂರೇ ಸಾಲು: ವರ್ಷದ ಕೊನೆಯ ದಾಸ್ತಾನು, ಸರಬರಾಜುದಾರರಿಗೆ ಕೊಡಬೇಕಾದ ಬಾಕಿ, ಮಾರಿದ ಸರಕಿನ ಖರೀದಿ ಬೆಲೆ. ಮೊದಲೆರಡನ್ನು ಒಂದೊಂದಾಗಿ ಮೂರನೆಯದರಿಂದ ಭಾಗಿಸಿ 365ರಿಂದ ಗುಣಿಸಿದರೆ ದಿನಗಳ ಲೆಕ್ಕ ಬರುತ್ತದೆ. 2023-24ಕ್ಕೆ ಅವು 33 ಮತ್ತು 8.